ಬೆಟ್ಟ ಇಳಿದು ಬಂದವನು

ಗುಂಡಿನಹಟ್ಟಿ, ಮಧುಗಿರಿ ತಾಲ್ಲೂಕು
೨೧-೧೧-೧೯೬೧

ಪಾವಗಡದಲ್ಲಿರುವ ಬಸವಲಿಂಗಯ್ಯ ಮೇಷ್ಟ್ರಿಗೆ ಅವರ ಹೆಂಡತಿ ಸಣ್ಣಕ್ಕ ಮಾಡುವ ನಮಸ್ಕಾರ.

ಕಾಗದ ತಲುಪಿತು. ನಮ್ಮ ಬೆಟ್ಟಕ್ಕೆ ವಿಮಾನ ಬಡಿದ ಸುದ್ದಿ ಪೇಪರಿನಲ್ಲಿ ಓದಿ, ನಾನು ಕ್ಷೇಮವೇ ಎಂದು ಕೇಳಿದ್ದೀರಿ. ಬದುಕಿದ್ದೇನೆ. ಮುನಿಯಮ್ಮನ ಹಿಂದೆ ಹೋಗಿ ಏಳು ವರ್ಷ ಕೇಳದವರ ಬಾಯಲ್ಲಿ ಈ ಮಾತು ಬರಲು ಒಂದು ವಿಮಾನವೇ ಬೀಳಬೇಕಾಯಿತು. ಅಕ್ಷರ ಕಲಿಸಿದವರು ನೀವೇ, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಹಿಂದಿನ ಕಾಗದದಲ್ಲಿ, ಮುನಿಯಮ್ಮ ತೀರಿಕೊಂಡಳು, ಇನ್ನು ನನಗೆ ನೀನೇ ಗತಿ, ದೀಪಾವಳಿ ಕಳೆದ ವಾರದಲ್ಲಿ ಒಂದು ರಾತ್ರಿ ಬರುತ್ತೇನೆ, ಹಗಲು ಬಂದು ಊರವರ ಮುಖ ನೋಡಲಾರೆ ಎಂದು ಬರೆದಿದ್ದಿರಿ. ಬರಲಿಲ್ಲ. ಮಳೆಗೆ ಬಸ್ಸು ನಿಂತುಹೋಯಿತು ಎನ್ನುತ್ತೀರಿ. ಇರಲಿ. ಈಗಲಾದರೂ ಬರಲೇ, ಬೇಡವೇ, ಹೇಳು ಎಂದಿದ್ದೀರಿ. ಅದಕ್ಕೆ ಮೊದಲು ಇಲ್ಲಿ ನಡೆದದ್ದನ್ನು ಹೇಳುತ್ತೇನೆ.

ಹೋದ ವಾರ ಸೋಮವಾರ ಸಂಜೆಯಿಂದಲೇ ಜಡಿಮಳೆ. ಬೆಟ್ಟ ಮೋಡದಲ್ಲಿ ಮುಳುಗಿಹೋಗಿತ್ತು. ಊಟದ ಹೊತ್ತು ಕಳೆದ ಮೇಲೆ ತಲೆಯ ಮೇಲೇ ಏನೋ ಮೊರೆಯುತ್ತಾ ಹೋಯಿತು, ಹಿಂದೆಯೇ ಬೆಟ್ಟದಲ್ಲಿ ಢಮ್ ಎಂದಿತು. ಸಿಡಿಲು ಎಂದುಕೊಂಡು ಊರೆಲ್ಲ ಬಾಗಿಲು ಹಾಕಿಕೊಂಡಿತು. ಯಾರೋ ಮಿಲ್ಲಿನವರು ಬಾಡಿಗೆಗೆ ಹಿಡಿದ ಸಣ್ಣ ವಿಮಾನವಂತೆ. ಇದ್ದವರು ನಾಲ್ಕು ಜನ. ಮೂವರು ಬಂಡೆಯ ಮೇಲೇ ಸುಟ್ಟುಹೋದರು. ನಾಲ್ಕನೆಯವನು ಅದನ್ನು ನಡೆಸುತ್ತಿದ್ದವನು, ಮೂವತ್ತು ತುಂಬಿರಲಿಕ್ಕಿಲ್ಲ. ಕಾಲು ಸೀಳಿಹೋಗಿದ್ದರೂ ಆ ಕತ್ತಲೆಯಲ್ಲಿ ಬೆಟ್ಟ ಇಳಿದ. ಬೆಟ್ಟದ ಬುಡಕ್ಕೆ ನಮ್ಮದೇ ಮೊದಲ ಮನೆ. ಅವತ್ತು ಕಿಟಕಿಯಲ್ಲಿ ಲಾಟೀನು ಉರಿಯುತ್ತಿತ್ತು.

ನಡುರಾತ್ರಿ ಬಾಗಿಲಲ್ಲಿ ಕೂಗು ಕೇಳಿತು. ಗಂಡು ದನಿ, ಮಳೆಯಲ್ಲಿ ಮಾತು ತಿಳಿಯಲಿಲ್ಲ. ರಾತ್ರಿ ಯಾರು ಕೂಗಿದರೂ ಮೂರು ಸಲ ಆಗುವ ತನಕ ಓಗೊಡಬಾರದು, ಮಾರಿ ಎರಡೇ ಸಲ ಕೂಗುತ್ತಾಳೆ ಎಂದು ನನಗೆ ಕಲಿಸಿದವರು ನಿಮ್ಮ ತಾಯಿ. ನೀವು ಅದಕ್ಕೆ ನಗುತ್ತಿದ್ದಿರಿ. ಎರಡು ಕೂಗು ಎಣಿಸಿದೆ. ಲಾಟೀನು ಆರಿಸಿದೆ. ಆಮೇಲೆ ಬರೀ ಮಳೆಯ ಸದ್ದು.

ಬೆಳಿಗ್ಗೆ ಬಾಗಿಲು ತೆಗೆದರೆ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ. ಕುರಿ ಹೊಡೆದುಕೊಂಡು ಬಂದ ಅಡವಯ್ಯ ಮುಟ್ಟಿ ನೋಡಿ, ಮೈ ಇನ್ನೂ ಸೆಟ್ಕಂಡಿಲ್ಲ ಕಣಮ್ಮ, ಈಗೊಂದು ಗಳಿಗೆ ಮುಂಚೆ ಪ್ರಾಣ ಬುಟ್ಟವ್ನೆ, ನಿಂಗೇನೂ ಕೇಳಿಸ್ಲಿಲ್ವಾ ಅಂದ. ಇಲ್ಲ ಎಂದೆ. ಪೊಲೀಸರು ಕೇಳಿದಾಗಲೂ ನನಗೆ ನಿದ್ದೆ ಹತ್ತಿತ್ತು ಎಂದೆ. ರಕ್ತ ಹೋಗಿ ಸತ್ತಿದ್ದಾನೆ, ರಾತ್ರಿಯೇ ಯಾರಾದರೂ ಒಂದು ಬಟ್ಟೆ ಬಿಗಿದಿದ್ದರೆ ಉಳಿಯುತ್ತಿದ್ದ ಎಂದು ಡಾಕ್ಟರು ಹೇಳಿದರು. ನನ್ನ ಧಾರೆ ಸೀರೆ ತೆಗೆದು ಹೊದಿಸಿದೆ. ಸಣ್ಣಕ್ಕನದು ದೊಡ್ಡ ಮನಸ್ಸು ಎಂದು ಊರವರು ಆಡಿಕೊಳ್ಳುತ್ತಾರೆ. ಅದು ಕಿವಿಗೆ ಬಿದ್ದ ದಿನ ಒಲೆ ಹಚ್ಚುವುದಿಲ್ಲ.

ಮೂರನೇ ದಿನ ಅವನ ತಾಯಿ ಜೀಪಿನಲ್ಲಿ ಬಂದಿದ್ದರು. ಅವರ ಭಾಷೆ ನನಗೆ ಬಾರದು. ಮಗ ಒರಗಿದ್ದ ಕಂಬವನ್ನು ಸವರಿ, ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಕೈ ಬಿಡಿಸಿಕೊಳ್ಳಲು ನನಗೆ ಧೈರ್ಯ ಸಾಲಲಿಲ್ಲ.

ಆ ಎರಡು ಕೂಗಿನ ವಿಷಯ ನಿಮಗೊಬ್ಬರಿಗೇ ಹೇಳಿದ್ದೇನೆ. ನೀವು ಬರುವ ಮಾತಿಗೆ ನನ್ನ ಉತ್ತರ ಇಷ್ಟೇ. ಮನೆ ನಿಮ್ಮದು. ಬರುವುದಾದರೆ ಹಗಲು ಹೊತ್ತಿನಲ್ಲಿ, ಊರೆಲ್ಲ ನೋಡುವಂತೆ ಬನ್ನಿ.

ಇಂತಿ,
ಸಣ್ಣಕ್ಕ

ತಾ.ಕ.: ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಅವನು ಮೂರನೆಯ ಸಲವೂ ಕೂಗಿದ. ಚಿಲಕವನ್ನೂ ಅಲುಗಾಡಿಸಿದ. ಮಾರಿಯಲ್ಲ, ಮನುಷ್ಯನೇ ಎಂದು ಗೊತ್ತಾಯಿತು. ನೀವು ಬಂದಿರಿ ಎಂದುಕೊಂಡೆ. ಆ ವಾರವೆಲ್ಲ ಲಾಟೀನು ಇಟ್ಟದ್ದೇ ನಿಮಗಾಗಿ. ಆರಿಸಿದ್ದು ಎರಡನೆಯ ಕೂಗಿಗಲ್ಲ, ಮೂರನೆಯದಕ್ಕೆ. ಏಳು ವರ್ಷ ನಾನು ಕಾದಿಲ್ಲವೇ, ಒಂದು ರಾತ್ರಿ ಅವರೂ ಜಗಲಿಯಲ್ಲಿ ಕಾಯಲಿ ಎಂದು ಮುಸುಕೆಳೆದು ಮಲಗಿದೆ. ಬೆಳಿಗ್ಗೆ ಬೇಗ ಎದ್ದು, ನಿಮ್ಮ ಸ್ನಾನಕ್ಕೆ ನೀರು ಕಾಯಿಸಿಟ್ಟು, ಬಾಗಿಲು ತೆಗೆದೆ.