ಗುರುವಾರದ ಮಂಜೂರು

ರಾಯಚೂರು
18 ಫೆಬ್ರವರಿ 2025

ಪ್ರೀತಿಯ ಕಲ್ಯಾಣಿಗೆ ಅವ್ವನ ಜೈಭೀಮ್.

ಅಳಿಯಂದಿರು, ಮಗು, ನೀನು ಎಲ್ಲರೂ ಆರಾಮಾಗಿದ್ದೀರಿ ಅಂದುಕೊಂಡಿದ್ದೇನೆ. ನಾವಿಲ್ಲಿ ಹೇಗೋ ಇದ್ದೇವೆ. ಸಂಕ್ರಾಂತಿ ಮುಗಿಯುತ್ತಲೇ ಪತ್ರ ಬರೆಯುತ್ತೇನೆ ಅಂದಿದ್ದೆ, ಆಗಲಿಲ್ಲ, ಬೈಯಬೇಡ. ಬರೆಯಲು ಕೂಡುತ್ತೇನೆ, ಒಲೆಯ ಮೇಲೆ ಏನೋ ಇಟ್ಟ ಹಾಗನ್ನಿಸಿ ಏಳುತ್ತೇನೆ, ಹೋಗಿ ನೋಡಿದರೆ ಒಲೆಯೇ ಹಚ್ಚಿರುವುದಿಲ್ಲ. ಹೀಗೇ ನಡೆದಿದೆ. ಫೋನ್ ಇದೆಯಲ್ಲವ್ವಾ ಅನ್ನುತ್ತೀ. ಮಾತು ಶುರುವಾಗುವುದರೊಳಗೆ ನಿನ್ನನ್ನು ವಾರ್ಡಿಗೆ ಕರೆಯುತ್ತಾರೆ. ಇಲ್ಲಿ ನಿಮ್ಮಪ್ಪ ಪೇಪರ್ ಹಿಡಿದು ಪಕ್ಕದಲ್ಲೇ ಬಂದು ಕೂಡುತ್ತಾರೆ, ಒಂದು ಹಾಳೆಯನ್ನೂ ಮಗುಚುವುದಿಲ್ಲ. ಅವರ ಕಿವಿಗೆ ಬೀಳಬಾರದ ಮಾತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ತಮ್ಮ ಯಾಕೆ ಫೋನ್ ಎತ್ತುತ್ತಿಲ್ಲ ಅಂತ ಕೇಳಿದ್ದೆಯಲ್ಲ. ಕೃಷ್ಣ ದೇವದುರ್ಗದಲ್ಲೇ ರೂಮ್ ಮಾಡಿದ್ದಾನೆ. ಇಷ್ಟು ವರ್ಷ ಬೆಳಗ್ಗೆ ಬಸ್ಸು ಹತ್ತಿ ಹೋಗಿ ಅಲ್ಲಿಯ ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸಿ, ಸಂಜೆ ನಮ್ಮ ಮೈದಾನಕ್ಕೆ ಬಂದು ಗೋಲ್‌ಕೀಪರನ ಕೈಗವಸು ಹಾಕಿಕೊಳ್ಳುತ್ತಿದ್ದವನಿಗೆ ಈಗ ಒಮ್ಮೆಲೇ ಬಸ್ಸಿನ ತ್ರಾಸು ಆಯಿತಂತೆ. ನಿಮ್ಮಪ್ಪನಿಗೆ ಹಾಗೆ ಹೇಳಿದ್ದಾನೆ. ಅವರೂ ಹೌದು ಹೌದು ಅಂದಿದ್ದಾರೆ. ಇಬ್ಬರಿಗೂ ಸುಳ್ಳು ಹೇಳಲು ಬರುವುದಿಲ್ಲ.

ನಿಜ ಸಂಗತಿ ನಮ್ಮ ಓಣಿಯ ಬುರುಜು ಫುಟ್‌ಬಾಲ್ ತಂಡದ್ದು. ಏನು ಹೇಳಲಿ ಮಗಳೇ, ಈ ವರ್ಷ ಆ ತಂಡ ನಮ್ಮ ರಕ್ತ ಕುಡಿದಿದೆ. ಯಾವ ಲೀಗಿಗೂ ಸೇರದ, ಯಾವ ಪೇಪರಿನಲ್ಲೂ ಹೆಸರು ಬರದ ತಂಡ, ಸೋತರೆ ಯಾರಿಗೇನು ಅಂತ ಹೊರಗಿನವರು ಅನ್ನಬಹುದು. ನಮ್ಮ ಓಣಿಯವರಿಗೆ ಭಾನುವಾರ ಅಂತ ಇರುವುದೇ ಅದೊಂದು. ಮಾನ್ವಿಗೆ ಹೋಗಿ ನಾಲ್ಕು ಗೋಲು ತಿಂದು ಬಂದೆವು. ಮಾನ್ವಿಯವರು ನಮಗೆ ಶರಬತ್ತು ಬೇರೆ ಕುಡಿಸಿ ಕಳಿಸಿದರು, ಅದು ಇನ್ನೂ ಉರಿಯಿತು. ಯಾಪಲದಿನ್ನಿ ಹುಡುಗರು ಹೊಲದ ಕೆಲಸ ಮುಗಿಸಿ ನೇರ ಬಂದು ಬರಿಗಾಲಲ್ಲಿ ಆಡಿ ಸಮ ಮಾಡಿಕೊಂಡು ಹೋದರು. ನಮ್ಮವರ ಕಾಲಿಗೆ ಮಾತ್ರ ಬಣ್ಣಬಣ್ಣದ ಬೂಟು.

ದುರುಗಪ್ಪ ಗೊತ್ತಲ್ಲ, ಹತ್ತಿ ಮಾರುಕಟ್ಟೆಯ ಹಮಾಲ, ಪ್ರತಿ ಆಟಕ್ಕೂ ಬಾರಿಸಲು ಹಲಗೆ ತರುವವನು. ಈಗಲೂ ತರುತ್ತಾನೆ, ಟವೆಲಿನಲ್ಲಿ ಗಂಟು ಕಟ್ಟಿಕೊಂಡು ಬಂದು ಹಾಗೇ ವಾಪಸ್ ಒಯ್ಯುತ್ತಾನೆ. ಯಾಕೋ ಬಾರಿಸುವುದಿಲ್ಲ ಅಂದರೆ, "ಗೆಲ್ಲಲಿ, ಬಿಚ್ತೀನ್ರಿ ಟೀಚರ. ಹಲಗಿಗೂ ಒಂದು ಮರ್ಯಾದಿ ಅದ" ಅಂದ. ಮಿರ್ಚಿ ಬಂಡಿಯ ಮುನವ್ವರ್ ಬೀ ಅಂತೂ ಹಿಟ್ಟು ಕಲಸುವುದನ್ನೇ ಅರ್ಧ ಮಾಡಿದ್ದಾಳೆ. "ಸೋತ ಮಂದಿ ಮಿರ್ಚಿ ತಿನ್ನಂಗಿಲ್ಲ ನೋಡ್ರಿ ಟೀಚರ್. ಬರೇ ನೀರ್ ಕುಡ್ದು ಹೋಗ್ತಾರ. ನಿಮ್ ಟೀಮ್ ನನ್ನ ಬಂಡೀನೂ ಮುಳುಗಿಸ್ತದ" ಅನ್ನುತ್ತಾಳೆ.

ನಾನೇನು ಸುಮ್ಮನೆ ಕೂಡುವವಳೇ? ಕೋಟೆಗೋಡೆಯ ಮೇಲೆ ಹೆಂಗಸರ ಸಾಲಿನಲ್ಲಿ ಕೂತು ಕಿರಣಕುಮಾರನಿಗೆ ನಾನು ಬೈದ ಬೈಗುಳ ಕೇಳಿದ್ದರೆ ನೀನು ನನ್ನನ್ನು ಟೀಚರ್ ಅನ್ನುತ್ತಿರಲಿಲ್ಲ. ಚೆಂಡು ಸಿಕ್ಕರೆ ಒಬ್ಬನೇ ಒಯ್ಯುತ್ತಾನೆ, ಪಕ್ಕದಲ್ಲಿ ಮನುಷ್ಯರಿದ್ದಾರೆ ಅನ್ನುವ ಖಬರು ಇಲ್ಲ. "ಲೇ ಕಿರಣ್ಯಾ, ಚೆಂಡೇನು ನಿಮ್ಮಜ್ಜನ ಆಸ್ತಿಯೇನಲೇ!" ಅಂತ ಕೂಗಿದೆ. ಅವನ ತಾಯಿ ನನ್ನ ಮಗ್ಗುಲಲ್ಲೇ ಕೂತಿದ್ದಳು. ಸೆರಗು ಸರಿಮಾಡಿಕೊಂಡಳು, ನನ್ನ ಕೈಗೆ ಇಷ್ಟು ಶೇಂಗಾ ಹಾಕಿದಳು.

ಆಮೇಲೆ ಕವಿತಾಳದವರು ನಮ್ಮ ಮೈದಾನಕ್ಕೆ ಬಂದರು. ಕಿರಣಕುಮಾರ ಅವತ್ತು ಯಾವ ಪುಣ್ಯಕ್ಕೋ ಒಂದು ಗೋಲು ಹೊಡೆದ. ಮಂದಿ ಎದ್ದು ಕುಣಿದರು. ಇನ್ನೇನು ಸೀಟಿ ಊದಬೇಕು, ದುರುಗಪ್ಪ ಟವೆಲಿನ ಗಂಟು ಬಿಚ್ಚುತ್ತಿದ್ದ. ಅಷ್ಟರಲ್ಲಿ ಅವರವನೊಬ್ಬ ದೂರದಿಂದ ಸುಮ್ಮನೆ ಒದ್ದ. ಒದ್ದ ಅನ್ನುವಂತೆಯೂ ಇರಲಿಲ್ಲ, ನಿನ್ನ ಮಗು ಉರುಳಿಸಿದ ಹಾಗೆ ಬಂತು. ಕೃಷ್ಣ ಬಗ್ಗಿದ. ಚೆಂಡು ಅವನ ಕೈ ತಪ್ಪಿಸಿ ಕಾಲಿನ ನಡುವೆ ಒಳಗೆ ಹೋಯಿತು. ಹೊರಳಿ ನೋಡಿದನಲ್ಲ, ಆ ಮುಖ ನನ್ನ ಕಣ್ಣಿಂದ ಹೋಗವಲ್ಲದು. ಆ ದಿಗಿಲಿನಲ್ಲೇ ಎರಡನೆಯದನ್ನೂ ಬಿಟ್ಟ. ಗೆದ್ದ ಆಟ ಸೋತೆವು.

"ಗ್ವಾಡಿ ನಿಂದ್ರಿಸಿದ್ರ ತಡೀತಿತ್ತಲೇ!" ಅಂತ ಒಬ್ಬ. "ದೇವದುರ್ಗದಾಗ ಹುಡುಗರಿಗಿ ಇದನ್ನ ಕಲಸ್ತಾನ ನೋಡು" ಅಂತ ಇನ್ನೊಬ್ಬ. ದುರುಗಪ್ಪ ಬಿಚ್ಚಿದ ಗಂಟನ್ನು ಮತ್ತೆ ಕಟ್ಟಿದ, ಕಣ್ಣು ತುಂಬಿಕೊಂಡಿದ್ದ. ಯಾರ ಮೇಲೂ ನನಗೆ ಸಿಟ್ಟು ಬರಲಿಲ್ಲ. ಬೇರೆ ಯಾರ ಮಗನಾದರೂ ಆ ಗೋಲು ಬಿಟ್ಟಿದ್ದರೆ ನಾನೇ ಗೋಡೆಯ ಮೇಲೆ ಎದ್ದು ನಿಂತು ಬೈದಿರುತ್ತಿದ್ದೆ.

ಈ ಪತ್ರವನ್ನು ನೀನು ಅಳಿಯಂದಿರಿಗೂ ಓದಿ ಹೇಳುತ್ತೀ ಅಂತ ಗೊತ್ತು. ಬಳ್ಳಾರಿಯವರಿಗೆ ನಮ್ಮ ಗುರುವಾರದ ಪದ್ಧತಿ ತಿಳಿಯದು, ಬಿಡಿಸಿ ಹೇಳು. ನಮ್ಮ ತಂಡವನ್ನು ಕೋಚು, ಕಮಿಟಿ ಯಾರೂ ಆರಿಸುವುದಿಲ್ಲ. ಗುರುವಾರ ಸಂಜೆ ಮೈದಾನದ ಬೇವಿನ ಕಟ್ಟೆಗೆ ಓಣಿಯೆಲ್ಲ ಸೇರುತ್ತದೆ. ಹಳೆಯ ಆಟಗಾರನೊಬ್ಬ ಒಂದೊಂದೇ ಹೆಸರು ಕೂಗುತ್ತಾನೆ, ಈಗ ಅದು ನಿಮ್ಮಪ್ಪನ ಕೆಲಸ. ಒಪ್ಪಿಗೆಯಿದ್ದರೆ ಮಂದಿ "ಮಂಜೂರ್!" ಅನ್ನಬೇಕು. ಒಪ್ಪಿಗೆ ಇಲ್ಲದಿದ್ದರೆ ಸುಮ್ಮನಿರಬೇಕು. ಬೇಡ ಅನ್ನುವ ಮಾತು ಯಾರ ಬಾಯಿಂದಲೂ ಬರಕೂಡದು. ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು ನೋಡಿ ಮುಂದಿನ ಹೆಸರು ಕೂಗುತ್ತಾರೆ. ಬಿಟ್ಟುಹೋದವನ ಹೆಸರನ್ನು ಮುಂದಿನ ವಾರ ಮತ್ತೆ ಕೂಗಲೇಬೇಕು, ಅದೂ ಪದ್ಧತಿ. ಇನ್ನೊಂದು, ಆಟಗಾರನ ಮನೆಯವರು ಅವನ ಹೆಸರಿಗೆ ಬಾಯಿ ತೆರೆಯಬಾರದು. ನಿಜಾಮರ ಕಾಲದಿಂದ ಹೀಗೇ ನಡೆದಿದೆ ಅಂತ ನಿಮ್ಮಪ್ಪ ಅನ್ನುತ್ತಾರೆ. ಅಷ್ಟು ಹಳೆಯದೋ ಇಲ್ಲವೋ, ನಿಮ್ಮಪ್ಪನ ಹೆಸರೂ ಒಮ್ಮೆ ಹಾಗೆ ಬಿಟ್ಟುಹೋಗಿ ಮುಂದಿನ ವಾರ ಮಂಜೂರಾಗಿತ್ತು.

ಕವಿತಾಳದ ಆಟವಾದ ಮೇಲಿನ ಗುರುವಾರ ನಿಮ್ಮಪ್ಪ ಮೊದಲ ಹೆಸರು ಕೂಗಿದರು. ಮೊದಲ ಹೆಸರು ಯಾವತ್ತೂ ಗೋಲ್‌ಕೀಪರನದು. "ಕೃಷ್ಣ ರಾಮಲಿಂಗಪ್ಪ" ಅಂದರು, ದನಿ ಸ್ವಲ್ಪವೂ ನಡುಗಲಿಲ್ಲ. ಕಟ್ಟೆ ಸುಮ್ಮನಾಯಿತು. ಕೃಷ್ಣ ಬೇವಿನ ಬೊಡ್ಡೆಗೆ ಆನಿಕೊಂಡು ಕೆಳಗೆ ನೋಡುತ್ತ ನಿಂತಿದ್ದ. ಅವತ್ತೇ ಬ್ಯಾಗು ತಗೊಂಡು ದೇವದುರ್ಗದ ಬಸ್ಸು ಹತ್ತಿದ.

ಅವನಿಲ್ಲದೆ ಎರಡು ಆಟ ಆಡಿದ್ದಾರೆ. ಎರಡರಲ್ಲೂ ಸೋತರು, ಅದೂ ಎಂಥ ಸೋಲು! ಗೋಲಿನಲ್ಲಿ ಈಗ ನಿಲ್ಲುವವನು ಚೆಂಡು ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಾನೆ. ಮಂದಿ ಈಗ ಬೈಯುವುದನ್ನೂ ಬಿಟ್ಟಿದ್ದಾರೆ, ಅರ್ಧ ಆಟಕ್ಕೇ ಎದ್ದು ಮನೆಗೆ ಹೋಗುತ್ತಾರೆ. ಬೈಯದ ಮಂದಿಯನ್ನು ನೋಡಿದರೆ ನನಗೆ ಹೆದರಿಕೆಯಾಗುತ್ತದೆ. ನಿನ್ನೆ ದುರುಗಪ್ಪ ಮನೆಗೆ ಬಂದಿದ್ದ, ಬಾಗಿಲಲ್ಲೇ ನಿಂತ. "ಟೀಚರ, ಕೃಷ್ಣಗ ಬಾ ಅನ್ರಿ. ಬೈದಿದ್ದು ಬಿಟ್ಟಿದ್ದು ಎಲ್ಲಾ ಮೈದಾನದಾಗಿಂದು. ಅವ ಇಲ್ಲಂದ್ರ ಗೋಲ್ ಕಡಿ ನೋಡಾಕ ಆಗವಲ್ದು" ಅಂದ. ನಾನೇ ಹೋಗಿ ಕರೆಯಬಹುದಿತ್ತು ಅನ್ನುತ್ತೀಯೇನೋ. ನಾನು ಕರೆದರೆ ಬರುವುದಿಲ್ಲ.

ನಿಮ್ಮಪ್ಪ ನನ್ನ ಜೊತೆ ಮಾತು ಬಿಟ್ಟಿಲ್ಲ. ಉಪ್ಪು ಕಡಿಮೆಯಾಗಿದೆ, ನಳ ಬಂತು, ಬಾಗಿಲು ಹಾಕು, ಇಷ್ಟೇ. ಮೊನ್ನೆ ಸಾಕಾಗಿ, "ಏನ್ರಿ, ಬೈಯೂದಿದ್ರ ಬೈದುಬಿಡ್ರಿ" ಅಂದೆ. "ಬೈಯಾಕ ಏನದ?" ಅಂದು ಚಪ್ಪಲಿ ಮೆಟ್ಟಿಕೊಂಡು ಮೈದಾನಕ್ಕೆ ಹೋದರು. ಅಲ್ಲಿ ಆ ಬಿಸಿಲಲ್ಲಿ ಒಬ್ಬರೇ ಗೋಲುಕಂಬದ ಮುಂದಿನ ಹರಳು ಆಯುತ್ತಿದ್ದರು ಅಂತ ಮುನವ್ವರ್ ಬೀ ಹೇಳಿದಳು. ಕೃಷ್ಣ ಮೊಣಕಾಲು ತರಚಿಕೊಳ್ಳುವುದು ಅಲ್ಲೇ.

ಈ ಭಾನುವಾರ ದೇವದುರ್ಗದವರು ನಮ್ಮ ಮೈದಾನಕ್ಕೆ ಬರುತ್ತಿದ್ದಾರೆ. ತಮ್ಮ ಕಡೆ ಗೋಲಿಗೆ ನಿಲ್ಲು ಅಂತ ಅವರು ಕೃಷ್ಣನನ್ನು ಕೇಳಿದ್ದಾರಂತೆ. ಆಗಲಿ ಅಂದಿಲ್ಲ, ಒಲ್ಲೆ ಅಂದೂ ಇಲ್ಲ. ಒಮ್ಮೆ ಆ ಅಂಗಿ ಹಾಕಿದನೆಂದರೆ ಮುಗಿಯಿತು, ಮತ್ತೆ ಬುರುಜು ತಂಡಕ್ಕೆ ಬರುವುದಿಲ್ಲ. ಈ ಓಣಿಗೂ ಬರುವುದಿಲ್ಲ ಅನ್ನಿಸುತ್ತದೆ. ನಾಡಿದ್ದು ಗುರುವಾರ ನಿಮ್ಮಪ್ಪ ಅವನ ಹೆಸರು ಕೂಗುತ್ತಾರೆ. ಕಳೆದ ವಾರವೂ ಕೂಗಿದರು, ಬೇವಿನ ಬೊಡ್ಡೆಯ ಹತ್ತಿರ ಯಾರೂ ಇರಲಿಲ್ಲ. ಈ ಪತ್ರವನ್ನು ಬಳ್ಳಾರಿ ಬಸ್ಸಿನ ಡ್ರೈವರ್ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ, ನಾಳೆಯೇ ಸಿಗುತ್ತದೆ. ನಿನ್ನ ಮಾತಾದರೆ ಕೇಳುತ್ತಾನೆ. ಅವನಿಗೆ ಚೆಂಡು ಹಿಡಿಯಲು ಮೊದಲು ಕಲಿಸಿದವಳೇ ನೀನು. ಫೋನ್ ಎತ್ತದಿದ್ದರೆ ಶಾಲೆಯ ನಂಬರಿಗೆ ಮಾಡು, ಅಕ್ಕ ಅಂದರೆ ಕರೆದುಕೊಡುತ್ತಾರೆ. ಗೆಲ್ಲಿಸಬೇಕು ಅಂತ ಅಲ್ಲ, ಸೋತರೆ ಸೋಲಲಿ. ಬಂದು ಮರದ ಕೆಳಗೆ ನಿಲ್ಲಲಿ ಸಾಕು.

ರಾತ್ರಿಪಾಳಿ ಇದ್ದಾಗ ಹೊಟ್ಟೆ ತುಂಬ ಉಣ್ಣು, ಬರೀ ಚಹಾ ಕುಡಿದು ಓಡಾಡಬೇಡ. ಶೇಂಗಾ ಚಟ್ನಿ, ಕಟಕ ರೊಟ್ಟಿ ಇದರ ಜೊತೆಗೇ ಕಳಿಸಿದ್ದೇನೆ. ಮಗುವಿನ ಕೆನ್ನೆಗೆ ನನ್ನದೊಂದು ಮುತ್ತು. ಬಾಬಾಸಾಹೇಬರು ತೋರಿಸಿದ ದಾರಿಯಲ್ಲಿ ತಲೆ ಎತ್ತಿ ನಡೆಯಿರಿ, ನಿಮ್ಮ ಮನೆ ನಗುನಗುತ್ತ ಇರಲಿ.

ನಿನ್ನ ಅವ್ವ,
ಗೋಪಮ್ಮ

ಮರೆತ ಮಾತು: ಮರೆತಿಲ್ಲ, ಬರೆಯಲು ಆಗಲಿಲ್ಲ. ಆ ಗುರುವಾರ ಕಟ್ಟೆ ಸುಮ್ಮನಾಯಿತು ಅಂತ ಬರೆದೆನಲ್ಲ, ಅಲ್ಲಿಗೇ ಮುಗಿಯಲಿಲ್ಲ. ನಿಮ್ಮಪ್ಪ ಮುಂದಿನ ಹೆಸರಿಗೆ ಬಾಯಿ ತೆರೆಯುವ ಮೊದಲೇ ಗೋಡೆಯ ಮೇಲಿಂದ "ಮಂಜೂರ್!" ಅಂತ ಒಂದು ದನಿ ಬಂತು. ಅದು ನನ್ನದು. ಹೇಗೆ ಬಂತೋ ತಿಳಿಯದು, ಆ ಮೌನ ನನ್ನಿಂದ ತಡೆಯಲಾಗಲಿಲ್ಲ. ಮಂದಿಯೆಲ್ಲ ಹೊರಳಿ ನನ್ನನ್ನು ನೋಡಿದರು. ಅಲ್ಲಿದ್ದವರಲ್ಲಿ ಅರ್ಧ ಜನ ನನ್ನ ಹತ್ತಿರ ಅಕ್ಷರ ಕಲಿತವರು. ದುರುಗಪ್ಪ ತಲೆ ತಗ್ಗಿಸಿ ಮೆಲ್ಲಗೆ "ಮಂಜೂರ್" ಅಂದ. ಆಮೇಲೆ ಇನ್ನೊಬ್ಬ, ಮತ್ತೊಬ್ಬ, ಕೊನೆಗೆ ಎಲ್ಲರೂ ಅಂದರು. ನನ್ನ ಮಗನನ್ನು ಯಾರೂ ಕೈಬಿಡಲಿಲ್ಲ ಕಲ್ಯಾಣಿ. ಕೈಗವಸು ಬಿಚ್ಚಿ ಕಟ್ಟೆಯ ಮೇಲಿಟ್ಟು ಹೋದವನು ಅವನೇ. ನಾನು ಬಸ್‌ಸ್ಟ್ಯಾಂಡಿನ ತನಕ ಹಿಂದೆಯೇ ಓಡಿದೆ. ಕಿಟಕಿಯಿಂದ ಅಂದ: "ಅವರು ಸುಮ್ನಿದ್ದಿದ್ರ ಒಂದು ವಾರ ಮನ್ಯಾಗ ಕುಂತು ಮತ್ತ ಬರ್ತಿದ್ನೆವ್ವಾ. ಈಗ ನಿನ್ನ ಮಾರಿ ನೋಡಿ ಮಂಜೂರ್ ಅಂದಾರ. ಹ್ಯಾಂಗ ಬರ್ಲಿ ಹೇಳು?" ಅಷ್ಟರಲ್ಲಿ ಬಸ್ಸು ಹೋಯಿತು. ನಿನಗೇನಾದರೂ ಉತ್ತರ ತೋಚಿದರೆ ಅವನಿಗೆ ಹೇಳು. ಅವ್ವ ಹೇಳಿಸಿದಳು ಅಂತ ಮಾತ್ರ ಅನ್ನಬೇಡ.