ಆಫೀಸಿನಲ್ಲಿ ಬೊಗಳಿದ ಲ್ಯಾಬು

ಸೋಮವಾರ, ೬ ಜುಲೈ ೨೦೦೯

ಸಾಕ್ಷಿಗಳಿಲ್ಲದ ಈ ಪುಟದೆದುರು ತಲೆಬಾಗಿ ತಪ್ಪೊಪ್ಪಿಕೊಳ್ಳುತ್ತೇನೆ: ಇಂದು ಪ್ರಿನ್ಸಿಪಾಲ್ ವಾಸುದೇವ ಸರ್ ಮೇಲೆ ಬೊಗಳಿದೆ.

ಉದ್ದೇಶವಿರಲಿಲ್ಲ. ನಾನು ನೋಡಿಕೊಳ್ಳುವ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಮೂರನೇ ಟರ್ಮಿನಲ್‌ನಲ್ಲಿ ಸೌಂಡ್ ಟೆಸ್ಟ್. ಲಿನಕ್ಸ್‌ನಲ್ಲಿ ನಾಯಿಯ ದನಿ ಒಂದಿದೆ. ಒತ್ತಿದೆ. ಮೌನ. ವಾಲ್ಯೂಮ್ ಪೂರ್ತಿ ಏರಿಸಿ ಒತ್ತಿದೆ, ಒತ್ತುತ್ತಲೇ ಇದ್ದೆ... ಅಷ್ಟರಲ್ಲಿ ಆಫೀಸಿನಿಂದ ಸರ್ ಕೂಗು: "ರಘುವೀರ್, ನಾಯಿ ಹ್ಯಾಂಗ್ ಒಳಗ ಬಂತ್ರೀ? ಹೊರಗ ಹಾಕ್ರಿ!"

ನಮ್ಮ ಟರ್ಮಿನಲ್‌ಗಳಿಗೆ ಮುಖವಿದೆ, ಹೊಟ್ಟೆಯಿಲ್ಲ. ಕೆಲಸವೆಲ್ಲ ಸರ್ವರ್‌ನದು. ಅದು ಆಫೀಸಿನಲ್ಲಿದೆ, ಇನ್ವರ್ಟರ್ ಅಲ್ಲಿರುವುದರಿಂದ. ಒತ್ತಿದ್ದು ಇಲ್ಲಿ, ಬೊಗಳಿದ್ದು ಅಲ್ಲಿ. ಇಂಥವಕ್ಕೆ ಥಿನ್ ಕ್ಲೈಂಟ್, ಅಂದರೆ ಬಡಕಲು ಗಿರಾಕಿ, ಎನ್ನುತ್ತಾರೆ. ಖಾನಾವಳಿಯ ಊಟ ಉಂಡು ನಾನೂ ಅದೇ ಆಗುತ್ತಿದ್ದೇನೆ.

ಗುರುವಾರ, ೯ ಜುಲೈ

ಇಂಗ್ಲಿಷಿನ ಪದ್ಮಜಾ ಮೇಡಂ ಬಂದಿದ್ದರು. ಸೋಮವಾರ, ಗುರುವಾರ ಚಿತ್ತಾಪುರದಿಂದ ರೈಲಿಗೆ ಬರುತ್ತಾರೆ. ಈ ಸೇಡಂ ಊರಿನಲ್ಲಿ ನನ್ನ ಶ್ಲೇಷೆಗೆ ನಗುವ ಏಕೈಕ ಜೀವ.

"ಸರ್, ಹುಡುಗೀರು ತಮ್ಮ ಮಾತು ರೆಕಾರ್ಡ್ ಮಾಡಿ ಕೇಳಬೇಕು. ಈ ತಿಂಗಳ ಆಗಲಿಲ್ಲಂದ್ರ ಕ್ಲಾಸ್ ಚಿತ್ತಾಪುರಕ್ಕ ಒಯ್ತಾರಂತ. ನಾ ಬರೂದೂ ಬಂದ್."

"ಸೌಂಡ್ ನಡೆಸೋ ಪ್ರೋಗ್ರಾಮಿನ ಹೆಸರು ಆಲ್ಸಾ ಅಂತರಿ ಮೇಡಂ. ಭಾಳ ಆಲಸಿ ಅದ. ಎಬ್ಬಸಲಿಕತ್ತೀನಿ."

ನಕ್ಕರು. ಸಂಜೆ ಸ್ಟೇಷನ್‌ವರೆಗೆ ಹೋಗೋಣವೆನಿಸಿತು. ಹೋಗಲಿಲ್ಲ. ರೂಮಿನಲ್ಲಿ ಫ್ಯಾನ್ ಜೊತೆ ಹರಟೆ. ಅದು ಹೇಳಿದ್ದನ್ನೇ ಸುತ್ತಿ ಸುತ್ತಿ ಹೇಳುತ್ತದೆ.

ಸೋಮವಾರ, ೧೩ ಜುಲೈ

ಸ್ಪೀಕರ್ ಗೆದ್ದೆ! ನಾಯಿ ಲ್ಯಾಬಿನಲ್ಲೇ ಬೊಗಳಿತು. ಅದೇ ಹುರುಪಿನಲ್ಲಿ ಮೈಕು ಹಿಡಿದು, "ಮೇಡಂ, ಚಹಾಕ್ಕ ಬರ್ತೀರೇನ್ರಿ?" ಎಂದು ರೆಕಾರ್ಡ್ ಮಾಡಿದೆ. ಬರೀ ಅಭ್ಯಾಸಕ್ಕೆ.

ಕೇಳಿದರೆ ನನ್ನ ದನಿಯೇ ಇಲ್ಲ. ಕಪ್ಪು-ಬಸಿ ಸದ್ದು. ಮೈಕಿನ ದಾರಿ ಇನ್ನೂ ತಪ್ಪಿತ್ತು. ಸರ್ವರ್‌ಗೆ ಸಿಕ್ಕಿಸಿದ್ದ ವೆಬ್‌ಕ್ಯಾಮಿನೊಳಗಿನ ಮೈಕು ಆಫೀಸಿನ ಮಾತು ಹಿಡಿದಿತ್ತು.

ಕ್ಲರ್ಕ್ ತಾಜುನ್ನಿಸಾ: "ರಘುವೀರ್ ಸರ್ ಜೋಕಿಗಿ ಅಷ್ಟ್ಯಾಕ ನಗ್ತೀರಿ ಮೇಡಂ?"

"ಒಬ್ಬರೇ ಇರ್ತಾರಲ್ರೀ, ಪಾಪ. ನಗಲಿಲ್ಲಂದ್ರ ಹ್ಯಾಂಗ?" ಪದ್ಮಜಾ ಮೇಡಂ.

"ನನಗಂತೂ ಅರ್ಧ ತಿಳಿಯಂಗೇ ಇಲ್ಲ."

"ನನಗೂ."

ಮೈಕು ಹಾಗೇ ಬಿಟ್ಟು ರೂಮಿಗೆ ಬಂದೆ. ಸರಿ ಮಾಡಿದರೆ ಪಾಪ ಎನ್ನುತ್ತಾ ನಗಲು ಬರುತ್ತಾರೆ. ಮಾಡದಿದ್ದರೆ ಬರುವುದೇ ಇಲ್ಲ.

ಗುರುವಾರ, ೨೩ ಜುಲೈ

ಮೈಕು ಸರಿ ಮಾಡಿದೆ. ಹುಡುಗಿಯರು ತಮ್ಮ ದನಿ ತಾವೇ ಕೇಳಿ ನಾಚಿ ಬಾಯಿ ಮುಚ್ಚಿಕೊಂಡರು. ಕ್ಲಾಸು ಇಲ್ಲೇ ಉಳಿಯಿತು.

"ಸರ್, ಇವತ್ತ ಒಂದೂ ಜೋಕಿಲ್ಲಲ್ರೀ? ಆರಾಮಿಲ್ಲೇನ್ರಿ?"

"ಬಿಟ್ಟೀನ್ರಿ ಮೇಡಂ."

"ಯಾಕ್ರೀ?"

"ಸೌಂಡ್ ಪ್ರಾಬ್ಲಮ್."

ನಕ್ಕರು. ಪಾಪಕ್ಕೋ, ಖರೇನೋ... ಕೇಳಲಿಲ್ಲ.

ನಾನು ಇಂಥದ್ದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳುವವನಲ್ಲ. ಆ ರೆಕಾರ್ಡಿಂಗ್ ಅಂದೇ ಅಳಿಸಿದೆ. ಎರಡನೇ ಸಲ ಕೇಳಲೂ ಇಲ್ಲ.

...ಅಳಿಸಿಲ್ಲ. ಮೊಬೈಲಿಗೆ ಹಾಕಿಕೊಂಡಿದ್ದೇನೆ. "ನನಗೂ" ಎಂದ ಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಆ ನಗುವಿನಲ್ಲಿ ಕರುಣೆ ಎಳ್ಳಷ್ಟೂ ಇಲ್ಲ. ಕಾರಣ ನಾನೇ. ದಿನಾ ಊಟಕ್ಕೆ ಕುಳಿತಾಗ ಅದನ್ನೇ ಹಚ್ಚಿಕೊಳ್ಳುತ್ತೇನೆ, ಆ ಜಾಗ ಬಂದಾಗ ಅವರ ಜೊತೆ ನಾನೂ ನಗುತ್ತೇನೆ.