ಆ ಭಾನುವಾರದ ಬೀಗದ ಕೈ

ಸೋಮಯ್ಯ ಸರ್ ಅವರಿಗೆ,

ಸಿಂಧಘಟ್ಟದಿಂದ ಅನಿತ ಮಾಡುವ ನಮಸ್ಕಾರಗಳು. ಅಟೆಂಡರ್ ಕೃಷ್ಣನ ಬಾಯಲ್ಲಿ ನೀವು ಹೇಳಿಕಳಿಸಿದ್ದು ತಲುಪಿತು. "ಕ್ಷಮೆ ಕೇಳಿ ಒಂದು ಕಾಗದ ಬರ್ಕೊಡ್ಲಿ, ಮುಂದಿನ ಸೆಮಿಸ್ಟರಿಗೆ ಅವಳ ಹೆಸರು ಸೇರಿಸೋಕೆ ನಾನೇ ಹೇಳ್ತೀನಿ" ಅಂದಿರಂತೆ. ಕಾಗದ ತಾನೇ ಕೇಳಿದ್ದು? ಬರೆಯುತ್ತಿದ್ದೇನೆ.

ನನ್ನಪ್ಪ ಚಿಕ್ಕಬೀರಯ್ಯ ನಿಮ್ಮ ಕೆಮಿಸ್ಟ್ರಿ ಲ್ಯಾಬಿನಲ್ಲಿ ಹದಿನಾರು ವರ್ಷ ಅಟೆಂಡರ್ ಆಗಿದ್ದರು. ಏಳನೇ ಕ್ಲಾಸು ಓದಿದವರು. ಆದರೆ ಯಾವ ಬಾಟಲಿ ಯಾವ ಸಾಲಿನಲ್ಲಿದೆ ಅಂತ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು. ನನ್ನನ್ನು ಒಮ್ಮೆ ಲ್ಯಾಬಿಗೆ ಕರೆದುಕೊಂಡು ಬಂದು, ತಾಮ್ರದ ಉಪ್ಪನ್ನು ಉರಿಗೆ ಹಿಡಿದು ಹಸಿರು ಜ್ವಾಲೆ ತೋರಿಸಿದ್ದರು. "ನೋಡವ್ವ, ಉಪ್ಪು ತನ್ನ ಎಸ್ರು ತಾನೇ ಏಳ್ತದೆ, ಸುಳ್ಳಾಡಾಕಿಲ್ಲ" ಅಂದಿದ್ದರು. ನಾನು ಕೆಮಿಸ್ಟ್ರಿ ಓದಬೇಕೆಂದುಕೊಂಡದ್ದು ಅವತ್ತೇ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ಶನಿವಾರ ಸಂಜೆ ನೀವು ಅಪ್ಪನಿಂದ ಲ್ಯಾಬಿನ ಬೀಗದ ಕೈ ಇಸಿದುಕೊಂಡಿರಿ. ಭಾನುವಾರ ನಿಮ್ಮ ಟ್ಯೂಷನ್ನಿನ ಹುಡುಗರಿಗೆ ಅಲ್ಲೇ ಪ್ರಾಕ್ಟಿಕಲ್ಲು ಮಾಡಿಸಿದಿರಿ. ಆಸಿಡ್ಡಿನ ಬಾಟಲಿ ಬಿರುಕು ಬಿಟ್ಟಿತ್ತು. ಆಸಿಡ್ಡನ್ನು ನೀರಿನ ಬಾಟಲಿಗೆ ಸುರಿದಿಟ್ಟಿರಿ. ಚೀಟಿ ಬದಲಾಯಿಸಲಿಲ್ಲ. ಸೋಮವಾರ ಗಿರೀಶ ಅನ್ನುವ ಹುಡುಗ ನೀರೆಂದುಕೊಂಡು ಅದನ್ನು ಎಡಗೈ ಮೇಲೆ ಸುರಿದುಕೊಂಡ. ಅವನ ಕೈಯನ್ನು ನಲ್ಲಿ ಕೆಳಗೆ ಹಿಡಿದು ನಿಂತವರು ನನ್ನಪ್ಪ. ನೀವು ವರಾಂಡದಲ್ಲಿ ಫೋನು ಹಿಡಿದಿದ್ದಿರಿ.

ವಿಚಾರಣೆಯಲ್ಲಿ "ಬಾಟಲಿ ತುಂಬೋದು ಅಟೆಂಡರ್ ಕೆಲಸ" ಅಂದಿರಿ. ಅಷ್ಟೇ ಸಾಕಾಯಿತು. ಇಂಗ್ಲಿಷಿನಲ್ಲಿದ್ದ ಒಂದು ಹಾಳೆ ಕೊಟ್ಟು, "ಸುಮ್ನೆ ಒಂದು ಸೈನು ಹಾಕು ಬೀರಯ್ಯ, ಕೆಲಸಕ್ಕೇನೂ ಆಗಲ್ಲ" ಅಂದಿರಿ. ಅಪ್ಪ ನಿಮ್ಮನ್ನು ನಂಬಿ ಸಹಿ ಹಾಕಿದರು. ತಪ್ಪು ತನ್ನದೇ ಅಂತ ಅದರಲ್ಲಿ ಬರೆದಿದೆ ಎಂದು ಅವರಿಗೆ ಗೊತ್ತಾದದ್ದು ಕೆಲಸ ಹೋದ ಮೇಲೆ.

ಆಮೇಲಿನದ್ದು ನಿಮಗೆ ಗೊತ್ತಿಲ್ಲ. ಊರಲ್ಲಿ ಅವರು 'ಆಸಿಡ್ ಬೀರಯ್ಯ' ಆದರು. ಹಾಲಿನ ಡೈರಿಯಲ್ಲಿ ಫ್ಯಾಟ್ ನೋಡುವ ಕೆಲಸ ಖಾಲಿ ಇತ್ತು. ಅಪ್ಪನಷ್ಟು ಚೆನ್ನಾಗಿ ಅದನ್ನು ಮಾಡುವವರು ಸುತ್ತಮುತ್ತ ಇರಲಿಲ್ಲ. ಕೇಳಲು ಹೋದಾಗ ಸೆಕ್ರೆಟರಿ ನಾಲ್ಕು ಜನರ ಮುಂದೆ, "ಬ್ಯಾಡ ಕಣಪ್ಪ, ಹಾಲ್‌ಗೂ ಆಸಿಡ್ ಉಯ್ದ್‌ಬುಟ್ಟೀಯೆ" ಅಂದ. ಎಲ್ಲರೂ ನಕ್ಕರಂತೆ. ಅಪ್ಪನೂ ನಕ್ಕು ಬಂದರಂತೆ. ಮನೆಗೆ ಬಂದವರು ಮೂರು ದಿನ ಬೀದಿಗೆ ಇಳಿಯಲಿಲ್ಲ. ಆಮೇಲೆ ಮಾಕವಳ್ಳಿ ಕಡೆ ಕಬ್ಬು ಕಡಿಯಲು ಹೋದರು.

ನಾನು ಎಂಎಸ್ಸಿ ಮುಗಿಸಿ ನಿಮ್ಮ ಕಾಲೇಜಿಗೇ ಅತಿಥಿ ಉಪನ್ಯಾಸಕಿಯಾಗಿ ಸೇರಿದ್ದು ಆಕಸ್ಮಿಕವಲ್ಲ ಸರ್. ಮೂರು ವರ್ಷ ನಿಮ್ಮ ಎದುರಿನ ಕುರ್ಚಿಯಲ್ಲೇ ಕೂತೆ. ನೀವು ನನ್ನ ಗುರುತು ಹಿಡಿಯಲಿಲ್ಲ. "ನಮ್ಮ ಅನಿತ ಬಹಳ ಶಿಸ್ತಿನ ಹುಡುಗಿ" ಅಂದಿರಿ. ನಾನು ಕಾದೆ. ಗಿರೀಶನನ್ನು ಹುಡುಕಿದೆ. ಶ್ರೀರಂಗಪಟ್ಟಣದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಎಡಗೈಯ ಎರಡು ಬೆರಳು ಮಡಚಿದಂತೆಯೇ ಇವೆ. "ಬಾಟ್ಲಿ ತುಂಬಿದ್ದು ಸಾರೇ ಅಂತ ಟ್ಯೂಷನ್ ಹುಡುಗ್ರು ನಂಗೆ ಅವತ್ತೇ ಏಳಿದ್ರು ಕಣಕ್ಕ. ಬಾಯಿ ಬುಟ್ರೆ ಪ್ರಾಕ್ಟಿಕಲ್ ಮಾರ್ಕ್ಸು ನನ್ ಕೈಲದೆ ಅಂದ್ರು ಸಾರು" ಅಂದ. ನಿಮ್ಮ ನಿವೃತ್ತಿಯ ಬೀಳ್ಕೊಡುಗೆಗೆ ಬಾ ಅಂದೆ. ಅಂಗಡಿ ಮುಚ್ಚಿ ಬಂದ.

ನಿಮ್ಮ ಶಿಸ್ತಿನ ಬಗ್ಗೆ ಐದು ನಿಮಿಷ ಮಾತಾಡಲು ನನಗೆ ಮೈಕು ಕೊಟ್ಟರು. ಹಾರ, ಶಾಲು, ಪಕ್ಕದಲ್ಲಿ ನಿಮ್ಮ ಮನೆಯವರು. ನಾನು ಚಿಕ್ಕಬೀರಯ್ಯನವರ ಮಗಳು ಅಂದೆ. ಎಲ್ಲವನ್ನೂ ಹೇಳಿದೆ. ಗಿರೀಶ ಎದ್ದು ನಿಂತು ಎಡಗೈ ಮೇಲೆತ್ತಿದ. ಆಮೇಲೆ ನಿಮ್ಮ ಕಡೆ ತಿರುಗಿ ಕೇಳಿದೆ, "ಆ ಭಾನುವಾರ ಬೀಗದ ಕೈ ಯಾರ ಹತ್ತಿರ ಇತ್ತು ಸರ್?"

"ಹಳೇದನ್ನೆಲ್ಲ ಈಗ ಯಾಕಮ್ಮ ಕೆದಕ್ತೀಯ?" ಅಂದಿರಿ.

ಇಲ್ಲ ಅನ್ನಲಿಲ್ಲ. ಮುನ್ನೂರು ಜನ ಕೇಳಿಸಿಕೊಂಡರು. ನಿಮ್ಮ ಮನೆಯವರು ನಿಮ್ಮ ಮುಖ ನೋಡಿದ್ದನ್ನು ನಾನು ನೋಡಿದೆ. ಸಂತೋಷವಾಯಿತು. ಮುಚ್ಚಿಡುವುದಿಲ್ಲ, ಬಹಳ ಸಂತೋಷವಾಯಿತು.

ಅಪ್ಪನಿಗೆ ಹೇಳಿದರೆ ಬೈದರು. "ಆರ, ಶಾಲು ಆಕುಸ್ಕೊಳೋ ದಿನ ಅಂಗ್ ಮಾಡ್ಬಾರ್ದಾಗಿತ್ತು ಕಣವ್ವ" ಅಂದರು. ಆಮೇಲೆ ಅವ್ವನ ಕೈಲಿ ಇನ್ನೊಂದು ಮುದ್ದೆ ಇಕ್ಕಿಸಿಕೊಂಡು ಉಂಡರು. ಕೈ ತೊಳೆದು ಬಂದು ಮೆಲ್ಲಗೆ ಕೇಳಿದರು: "ಯಾರ್ಯಾರು ಬಂದಿದ್ರು? ಪ್ರಿನ್ಸಿಪಾಲ್ರು ಇದ್ರಾ? ನನ್ ಎಸ್ರು ಕೂಗಿ ಏಳಿದ್ಯಾ?" ಮೂರು ಸಲ ಹೇಳಿಸಿದರು. ಈಗ ಬೆಳಿಗ್ಗೆ ಡೈರಿ ಮುಂದಿನ ದಾರಿಯಲ್ಲೇ ಓಡಾಡುತ್ತಾರೆ.

ನನ್ನ ಕೆಲಸ ಹೋಯಿತು. ಹೋಗಲಿ. ಪಾಂಡವಪುರದಲ್ಲಿ ಇನ್ನೊಂದು ಕಾಲೇಜಿನವರು ಕರೆದಿದ್ದಾರೆ. ಕರೆಯದಿದ್ದರೂ ನಿಮ್ಮ ಕ್ಷಮೆ ಬೇಡುತ್ತಿರಲಿಲ್ಲ. ನಾನೂ ನಿಮ್ಮನ್ನು ಕ್ಷಮಿಸುವುದಿಲ್ಲ. ಅಪ್ಪ ಕ್ಷಮಿಸಿಯಾರು, ಅದು ಅವರ ದೊಡ್ಡತನ. ನನಗೆ ಅದು ಬಂದಿಲ್ಲ.

ದೇವರು ನಿಮಗೆ ನೂರು ವರ್ಷ ಆಯಸ್ಸು ಕೊಡಲಿ. ಕಣ್ಣು ಮಂಜಾಗದಿರಲಿ, ಕಿವಿ ಮಂದವಾಗದಿರಲಿ. ಮುಖ್ಯವಾಗಿ, ಮರೆವು ಮಾತ್ರ ನಿಮ್ಮ ಹತ್ತಿರ ಸುಳಿಯದಿರಲಿ.

ಇತಿ,
ಚಿಕ್ಕಬೀರಯ್ಯನವರ ಮಗಳು
ಅನಿತ